ನಗೆಗೂ ಪಾಠಾಂತರವಿದೆ

ವಡ್ಡಾರಾಧನೆಯ ಒಂದು ಪದದ ರೂಪ ಯಾವುದೆಂದು ತೀರ್ಮಾನಿಸಲು ಓಲೆಪ್ರತಿಗಳನ್ನು ಹರವಿಕೊಂಡು ಕೂರುವವರ ಪರಂಪರೆ ನಮ್ಮದು. ಆ ಕೆಲಸ ಹೇಗೆ ಮಾಡಬೇಕೆಂದು ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ ಎಂಬ ಪುಸ್ತಕವನ್ನೇ ಬರೆದುಕೊಟ್ಟರು. ಅದನ್ನು ಓದಿ ಪರೀಕ್ಷೆ ಬರೆದವರೇ ಚಾಪ್ಲಿನ್ನನ ‘ದಿ ಗೋಲ್ಡ್ ರಶ್’ ನೋಡಿದೆವು ಎಂದಾಗ, ಯಾವ ‘ಗೋಲ್ಡ್ ರಶ್’ ಎಂದು ಕೇಳಿ ನೋಡಿ. ‘ನಗು ಬಂತಲ್ಲ, ಸಾಕು ಬಿಡಿ’ ಎನ್ನುತ್ತಾರೆ. ನನ್ನ ತಕರಾರಿರುವುದು ಈ ‘ಸಾಕು ಬಿಡಿ’ಯ ಮೇಲೆ.

‘ಗೋಲ್ಡ್ ರಶ್’ ಎರಡಿವೆ. 1925ರದು ಮೂಕಿಚಿತ್ರ. 1942ರಲ್ಲಿ ಚಾಪ್ಲಿನ್ ತಾನೇ ಅದಕ್ಕೆ ಕತ್ತರಿ ಹಾಕಿ, ಬರಹದ ಫಲಕಗಳನ್ನು ಕಿತ್ತು, ತನ್ನದೇ ದನಿಯ ನಿರೂಪಣೆಯನ್ನೂ ಸಂಗೀತವನ್ನೂ ಕೂಡಿಸಿದ. ಬರೀ ಉದ್ದ ಕಡಿಮೆಯಾಗಿದ್ದರೆ ಜಗಳವಿರಲಿಲ್ಲ. ಮೊದಲಿನದರಲ್ಲಿ ಜಾರ್ಜಿಯಾ ಪ್ರೇಮದ ಚೀಟಿ ಬರೆಯುವುದು ಜ್ಯಾಕನಿಗೆ. ಅವನು ಅದನ್ನು ಕುಚೋದ್ಯಕ್ಕೆಂದು ನಮ್ಮ ಬಡಪಾಯಿಯ ಕೈಗೆ ದಾಟಿಸುತ್ತಾನೆ. ಇವನೋ ತನಗೇ ಬಂತೆಂದು ಹಿಗ್ಗಿ ಕುಣಿಯುತ್ತಾನೆ. ನಗುತ್ತಿದ್ದವರಿಗೆ ಗಂಟಲು ಕಟ್ಟುತ್ತದೆ. 1942ರದರಲ್ಲಿ ಚೀಟಿ ನೇರವಾಗಿ ಇವನಿಗೇ ಬರೆದದ್ದೆಂಬಂತಾಗಿದೆ. ಕ್ರೌರ್ಯ ಹೋಯಿತು, ಅದರೊಂದಿಗೆ ಆ ನಗುವಿನ ಅರ್ಧ ಜೀವವೂ ಹೋಯಿತು. ಕೊನೆಯ ಮುತ್ತಂತೂ ಮಾಯವೇ ಆಯಿತು. ಇದು ಪಾಠಾಂತರವಲ್ಲದೆ ಮತ್ತೇನು?

ಕರ್ತೃವೇ ತಿದ್ದಿದ್ದಾನಲ್ಲ, ಅದೇ ಅಂತಿಮ ಪಾಠವಲ್ಲವೇ ಎಂದು ಕೇಳಬಹುದು. ಇರಲಿ, ವಾದ ಮಾಡೋಣ. ಆದರೆ ವಾದ ಮಾಡುವುದಕ್ಕೂ ಎರಡೂ ಪ್ರತಿಗಳು ಕಣ್ಣೆದುರು ಬೇಕು. 1925ರ ಚಿತ್ರದ ಹಕ್ಕುಸ್ವಾಮ್ಯ ಅಮೆರಿಕದಲ್ಲಿ ನವೀಕರಣವಾಗಲಿಲ್ಲ. ಹಾಗಾಗಿ ಕೈಗೆ ಸಿಕ್ಕಿದ ಸವೆದ ಪ್ರತಿಯನ್ನೇ ಕ್ಯಾಸೆಟ್ಟಿಗೆ, ಡಿವಿಡಿಗೆ ಇಳಿಸಿ, ಯಾವುದೋ ಪಿಯಾನೋ ಸಂಗೀತ ಅಂಟಿಸಿ ಮಾರಿದವರು ಎಷ್ಟೋ ಜನ. ಕೆವಿನ್ ಬ್ರೌನ್ಲೋ ಮತ್ತು ಡೇವಿಡ್ ಗಿಲ್ ಆ ಚಿತ್ರವನ್ನು ಮತ್ತೆ ಜೋಡಿಸಲು 1993ರವರೆಗೆ ಕಾಯಬೇಕಾಯಿತು. ಕ್ರೈಟೀರಿಯನ್ 2012ರಲ್ಲಿ ಎರಡನ್ನೂ ಒಟ್ಟಿಗೆ ಹೊರತಂದಿತು. ನನ್ನ ಪಾಲಿಗೆ ಅದು ಒಂದು ಒಳ್ಳೆಯ ಸಂಪಾದಿತ ಆವೃತ್ತಿ.

ವೇಗದ ಅಪಚಾರ ಇನ್ನೂ ದೊಡ್ಡದು. ಮೂಕಿಯ ಕಾಲದ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ ಇಷ್ಟೇ ಚೌಕಟ್ಟು ಎಂಬ ಕಟ್ಟುಪಾಡಿರಲಿಲ್ಲ. ಮಾತು ಬಂದಮೇಲೆ 24 ಎಂದು ನಿಗದಿಯಾಯಿತು. ನಿಧಾನವಾಗಿ ತೆಗೆದದ್ದನ್ನು ಆ ವೇಗದಲ್ಲಿ ಓಡಿಸಿದರೆ ಎಲ್ಲರೂ ಕಾಲಿಗೆ ಬೆಂಕಿ ಬಿದ್ದವರಂತೆ ಓಡುತ್ತಾರೆ. (ನಗೆಗಾರರು ಬೇಕೆಂದೇ ವೇಗ ಹೆಚ್ಚಿಸಿದ್ದೂ ಉಂಟು, ಅದು ಅವರ ಲೆಕ್ಕ, ಡಿವಿಡಿ ಮಾರುವವನದಲ್ಲ.) ಬೂಟು ಬೇಯಿಸಿ ತಿನ್ನುವ ದೃಶ್ಯವನ್ನು ನೆನೆಸಿಕೊಳ್ಳಿ. ಲಾಡಿಯನ್ನು ಶಾವಿಗೆಯಂತೆ ಸುತ್ತಿಕೊಳ್ಳುವುದು, ಮೊಳೆಯನ್ನು ಕೋಳಿಮೂಳೆಯಂತೆ ಚೀಪುವುದು. ಹಸಿದವನೊಬ್ಬ ಹಬ್ಬದೂಟದ ಮರ್ಯಾದೆಯಿಂದ, ಸಾವಧಾನವಾಗಿ ಉಣ್ಣುತ್ತಿದ್ದಾನೆ ಎಂಬುದೇ ಅಲ್ಲಿಯ ನಗೆ. ಅವಸರಪಡಿಸಿದರೆ ಅಲ್ಲಿ ಹಸಿವೂ ಇಲ್ಲ, ಮರ್ಯಾದೆಯೂ ಇಲ್ಲ, ಬರೀ ಕೋತಿಚೇಷ್ಟೆ. ಹಳೆಯ ಹಾಸ್ಯವೆಂದರೆ ಮಕ್ಕಳಾಟ ಎಂಬ ತಾತ್ಸಾರಕ್ಕೆ ಇಂಥ ಪ್ರತಿಗಳ ಕೊಡುಗೆ ಸಣ್ಣದಲ್ಲ.

ಮಾತಿನ ಚಿತ್ರಗಳೂ ಪಾರಾಗಿಲ್ಲ. ಲಾರೆಲ್ ಮತ್ತು ಹಾರ್ಡಿಯ ಕಪ್ಪು ಬಿಳುಪು ಚಿತ್ರಗಳಿಗೆ 1980ರ ದಶಕದಲ್ಲಿ ಕಂಪ್ಯೂಟರಿನಿಂದ ಬಣ್ಣ ಬಳಿದು ಮಾರಿದರು. ಅದರ ಬಗ್ಗೆ ಹೆಚ್ಚು ಹೇಳುವುದು ಬೇಡ, ನೋಡಿದವರಿಗೆ ಗೊತ್ತು.

ಸವಕಲು ಪ್ರತಿಗಳಿಂದಲೇ ನಾವು ಈ ಚಿತ್ರಗಳನ್ನು ಮೊದಲು ಕಂಡದ್ದು ಎಂಬುದನ್ನು ಒಪ್ಪುತ್ತೇನೆ. ಕೀಟನ್ನನ ಪರಿಚಯ ನನಗಾದದ್ದೂ ಮುಖವೇ ಸರಿಯಾಗಿ ಕಾಣದ ಒಂದು ಡಿಸ್ಕಿನಿಂದ. ಆ ಕಲ್ಲುಮುಖದ ಕಣ್ಣುಗಳಲ್ಲಿ ಅಷ್ಟೆಲ್ಲ ನಡೆಯುತ್ತಿತ್ತೆಂದು ತಿಳಿಯಲು ಒಳ್ಳೆಯ ಪ್ರತಿ ಸಿಗುವವರೆಗೆ ಕಾದೆ. ಹಸಿದಾಗ ಸಿಕ್ಕ ತಂಗಳಿಗೆ ಋಣಿಯಾಗಿರೋಣ, ಆದರೆ ಅಡುಗೆಯ ರುಚಿಯೇ ಅದೆಂದು ವಿಮರ್ಶೆ ಬರೆಯುವುದು ಬೇಡ.

ಕಾಲೇಜುಗಳ ಚಿತ್ರಸಮಾಜದವರಿಗೆ ನನ್ನದೊಂದು ಬೇಡಿಕೆ. ಮುಂದಿನ ಸಲ ‘ಗೋಲ್ಡ್ ರಶ್’ ತೋರಿಸುವಾಗ ಭಿತ್ತಿಪತ್ರದಲ್ಲಿ ಚಾಪ್ಲಿನ್ನನ ಟೋಪಿ, ಕೋಲಿನ ಚಿತ್ರ ಸ್ವಲ್ಪ ಸಣ್ಣದಾದರೂ ಸರಿ. 1925ರದೋ 1942ರದೋ, ಎಷ್ಟು ನಿಮಿಷದ್ದು, ಸಂಗೀತ ಯಾರದು ಎಂಬ ಮೂರು ಸಾಲಿಗೆ ಜಾಗ ಬಿಡಿ.