ಕೌದಿಗೆ ಬಟ್ಟೆಯ ಲೆಕ್ಕ



ಹಿರಿಯರು ಉಟ್ಟ ಸೀರೆ-ಧೋತರಗಳು ಸವೆದ ಮೇಲೂ ಮಕ್ಕಳನ್ನು ಬೆಚ್ಚಗಿಡುವ ಹೊದಿಕೆಯೇ ನಮ್ಮ ಉತ್ತರ ಕರ್ನಾಟಕದ ಕೌದಿ. ಮೊದಲ ಬಾರಿಗೆ ಹೊಲಿಯಲು ಕುಳಿತವರಿಗೆ ನಡುವೆ ಬಟ್ಟೆ ಸಾಲದೆ ಹೋಗುವುದುಂಟು. ಒಮ್ಮೆ ಕತ್ತರಿಸಿದ ತಾಯಿಯ ಸೀರೆ ಮತ್ತೆ ಇಡಿಯಾಗದು. ಆದಕಾರಣ ಕತ್ತರಿಗಿಂತ ಮೊದಲು ಲೆಕ್ಕವಾಗಬೇಕು.

ಒಬ್ಬರು ಹೊದೆಯುವ ಕೌದಿ 84 ಅಂಗುಲ ಉದ್ದ, 54 ಅಂಗುಲ ಅಗಲವಿರಲಿ. ಓಡುಹೊಲಿಗೆ ಬಟ್ಟೆಯನ್ನು ಸೆಳೆದುಕೊಳ್ಳುವುದು, ಅಂಚನ್ನೂ ಮಡಿಸಬೇಕು. ಸುತ್ತಲೂ ಎರಡೂವರೆ ಅಂಗುಲ ಕೂಡಿಸಿದರೆ ಅಳತೆ 89 ಮತ್ತು 59 ಆಗುತ್ತದೆ.

ಸೀರೆಯ ಅಗಲ 45 ಅಂಗುಲವಾದರೆ ಅಡಿಬಟ್ಟೆಗೆ ಎರಡು ತುಂಡು ಜೋಡಿಸಬೇಕು. ಉದ್ದುದ್ದ 89 ಅಂಗುಲಕ್ಕೆ ಕತ್ತರಿಸಿದರೆ 5 ಗಜ ಬೇಕು. ಅಡ್ಡಲಾಗಿ 59 ಅಂಗುಲಕ್ಕೆ ಕತ್ತರಿಸಿದರೆ 3 ಗಜ 10 ಅಂಗುಲ ಸಾಕು. ಒಳಗಿನ ಎರಡು ಪದರಗಳಿಗೂ ಒಂದೊಂದಕ್ಕೆ ಅಷ್ಟೇ.

ಲೆಕ್ಕ ತಪ್ಪುವುದು ಮೇಲಿನ ಚೌಕಗಳಲ್ಲಿ. 6 ಅಂಗುಲದ ಚೌಕ ಕಾಣಬೇಕಾದರೆ ನಾಲ್ಕೂ ಬದಿ ಅರ್ಧ ಅಂಗುಲ ಮಡಿಕೆಗೆ ಬಿಟ್ಟು 7 ಅಂಗುಲಕ್ಕೆ ಕತ್ತರಿಸಬೇಕು. ಉದ್ದಕ್ಕೆ 15, ಅಗಲಕ್ಕೆ 10, ಒಟ್ಟು 150 ಚೌಕ. ಸೀರೆಯ ಅಗಲದಲ್ಲಿ ಸಾಲಿಗೆ 6ರಂತೆ 25 ಸಾಲು. ಅದು 175 ಅಂಗುಲ, ಹೆಚ್ಚುಕಡಿಮೆ 5 ಗಜ. ಮಡಿಕೆಯನ್ನು ಮರೆತವರು ಮೂರೂಕಾಲು ಗಜವೇ ಸಾಕೆಂದುಕೊಳ್ಳುವರು. ಚೌಕ ಚಿಕ್ಕದಾದಷ್ಟೂ ಮಡಿಕೆಯ ಪಾಲು ಹೆಚ್ಚು: 6 ಅಂಗುಲದ ಚೌಕಕ್ಕೆ ನೂರಕ್ಕೆ 36ರಷ್ಟು ಅಧಿಕ ಬಟ್ಟೆ ತಗಲಿದರೆ, 4 ಅಂಗುಲದ್ದಕ್ಕೆ 56ರಷ್ಟು. ಹೊಸಬರಿಗೆ ದೊಡ್ಡ ಚೌಕವೇ ಲೇಸು.

ಒಟ್ಟು 15 ಗಜ. 6 ಗಜದ ಮೂರು ಹಳೆಯ ನೂಲಿನ ಸೀರೆಗಳಿದ್ದರೆ ಹರಿದ ಭಾಗವನ್ನು ಬಿಡಲು 3 ಗಜ ಉಳಿಯುತ್ತದೆ. ಬೆಳಕಿಗೆ ಹಿಡಿದು ನೋಡಿ, ಗಟ್ಟಿಯಾದುದನ್ನು ಅಡಿಬಟ್ಟೆಗೆ, ತೆಳುವಾದುದನ್ನು ಒಳಪದರಕ್ಕೆ ಇರಿಸಿರಿ. ಒಳಪದರದಲ್ಲಿ ತುಂಡುಗಳನ್ನು ಜೋಡಿಸಿದರೂ ಬಾಧಕವಿಲ್ಲ.

ಜೇಡರ ದಾಸಿಮಯ್ಯನವರದು ಮಗ್ಗದ ಕಾಯಕ, ರಾಮಿತಂದೆಗಳದು ಸೂಜಿಕಾಯಕ. ಶರಣಪರಂಪರೆಯಲ್ಲಿ ಎರಡಕ್ಕೂ ಸಮಾನ ಗೌರವ. ಬಟ್ಟೆಯು ಮತ್ತೊಬ್ಬರ ಕಾಯಕದ ಫಲ. ಅದನ್ನು ವ್ಯರ್ಥಗೊಳಿಸದಿರುವುದೂ ಕಾಯಕನಿಷ್ಠೆಯೇ. ನಮ್ಮ ಹಿರಿಯ ತಾಯಂದಿರು ಈ ಲೆಕ್ಕವನ್ನು ಗೇಣು-ಮೊಳಗಳಲ್ಲಿ ಬಲ್ಲರು. ಕಾಗದದ ಮೇಲೆ ಬರೆದಿಟ್ಟವರಲ್ಲ. ಅವರ ಕೈ ನಡೆಯುವಾಗಲೇ ಮಗಳು, ಸೊಸೆ, ಮೊಮ್ಮಗ ಯಾರಾದರೂ ಪಕ್ಕದಲ್ಲಿ ಕುಳಿತು ಕಲಿಯಲಿ. ಕೂಲಿಗೆ ಹೊಲಿಸುವವರು ಆ ತಾಯಂದಿರ ಕೂಲಿಯಲ್ಲಿ ಕೊರತೆ ಮಾಡದಿರಲಿ.