ಜ್ವರ ಬಂದ ದಿನದ ಪಗಾರ

2021ರ ನಡುವಿನಲ್ಲಿ ಪುಣೆಯಲ್ಲಿ ಸಂಜೆ ನಾಲ್ಕಕ್ಕೆ ಅಂಗಡಿಗಳ ಶಟರ್ ಇಳಿಯುತ್ತಿತ್ತು. ದಿನವಿಡೀ ಬರಬೇಕಾದ ಜನ ಕೆಲವೇ ಗಂಟೆಗಳಲ್ಲಿ ಬಂದು ಹೋಗಬೇಕಿತ್ತು. ಹಾಗಾಗಿ ವಾಕಡ್‌ನಲ್ಲಿ ನಮ್ಮ ಸೊಸೈಟಿ ಪಕ್ಕದ ಸೂಪರ್ ಮಾರ್ಕೆಟ್‌ನಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಬಿಲ್ಲಿಂಗ್ ಕೌಂಟರಿನ ಮುಂದೆ ಜಾತ್ರೆ. ದೂರ ನಿಲ್ಲಲೆಂದು ನೆಲದ ಮೇಲೆ ಬಳಿದಿದ್ದ ಹಳದಿ ವೃತ್ತಗಳು ಅಳಿಸಿಹೋಗಿ ಎಷ್ಟೋ ತಿಂಗಳಾಗಿತ್ತು.

ಆ ಕೌಂಟರಿನ ಹುಡುಗ ನಮ್ಮ ಕಡೆಯವನು, ಇಂಡಿ ತಾಲ್ಲೂಕು. ನಾನು ಅವ್ವನ ಜೊತೆ ಫೋನಿನಲ್ಲಿ ‘ತೊಗರಿ ಬ್ಯಾಳಿ ತಗೊಂಡೇನಿ’ ಅನ್ನುತ್ತಿದ್ದುದನ್ನು ಕೇಳಿ, ‘ಊರು ಯಾವ್ದ್ರೀ ಅಣ್ಣಾರ?’ ಎಂದು ಕೇಳಿದ್ದ. ಅಲ್ಲಿಂದ ಪರಿಚಯ. ಆ ವರ್ಷದ ಏಪ್ರಿಲ್ ಕೊನೆಗೆ ನನಗೂ ಅವನಿಗೂ ಒಂದೇ ವಾರದಲ್ಲಿ ಜ್ವರ ಬಂದಿತ್ತೆಂಬುದು ಮಾತಿನ ನಡುವೆ ಗೊತ್ತಾಯಿತು.

ನನ್ನ ಕಥೆ ಚಿಕ್ಕದು. ಮೈ ಬಿಸಿಯಾದ ಸಂಜೆ ಮ್ಯಾನೇಜರ್‌ಗೆ ಒಂದು ಮೆಸೇಜ್ ಹಾಕಿದೆ. ಹದಿನಾಲ್ಕು ದಿನ ವಿಶೇಷ ರಜೆ ಸಿಕ್ಕಿತು, ರೂಪಾಯಿ ಕಟ್ ಆಗಲಿಲ್ಲ. ಎಚ್‌ಆರ್‌ನಿಂದ ದಿನಾ ಫೋನು, ಆಕ್ಸಿಜನ್ ಎಷ್ಟಿದೆ ಎಂದು. ಹೆಂಡತಿ ಬೆಡ್‌ರೂಮಿನ ಬಾಗಿಲ ಹೊರಗೆ ತಟ್ಟೆ ಇಟ್ಟು ಹೋಗುತ್ತಿದ್ದಳು. ಅವನದು ಬೇರೆ. ಸೋಮವಾರ ಜ್ವರ ಬಂತು. ಡೋಲೋ ನುಂಗಿ ಕೆಲಸಕ್ಕೆ ಹೋದ. ಮಂಗಳವಾರವೂ ಹೋದ, ಬುಧವಾರವೂ ಹೋದ. ಗುರುವಾರ ಕೆಮ್ಮು ತಡೆಯಲಾಗದೆ ಸಿಕ್ಕಿಬಿದ್ದ. ‘ಸಿಕ್ಕಿಬಿದ್ನಿ’ ಎಂಬುದು ಅವನದೇ ಮಾತು, ಕಳ್ಳತನ ಮಾಡಿದವನ ಹಾಗೆ.

ಆ ಮೂರು ದಿನ ಅವನ ಕೈಯಿಂದ ಎಷ್ಟು ಜನ ಚಿಲ್ಲರೆ ತೆಗೆದುಕೊಂಡರೋ ಗೊತ್ತಿಲ್ಲ. ಯಾರಿಂದ ಯಾರಿಗೆ ಅಂಟಿತು ಎಂಬ ಲೆಕ್ಕಕ್ಕೆ ನಾನು ಹೋಗುವುದಿಲ್ಲ. ನಾನೂ ಅದೇ ಅಂಗಡಿಯ ಗಿರಾಕಿ, ಅವನಿಗೆ ನನ್ನಿಂದಲೇ ಬಂದಿರಬಹುದು. ‘ಜ್ವರ ಇಟ್ಕೊಂಡು ಯಾಕ ಹೋದ್ಯೋ ತಮ್ಮಾ?’ ಎಂದು ಕೇಳಿದೆ. ‘ಖಾಡಾ ಬೀಳ್ತಿತ್ರೀ ಅಣ್ಣಾರ’ ಅಂದ. ಕೆಲಸಕ್ಕೆ ತಪ್ಪಿಸಿದ ದಿನಕ್ಕೆ ಇಲ್ಲಿ ಮರಾಠಿಯಲ್ಲಿ ಖಾಡಾ ಅನ್ನುತ್ತಾರೆ.

ಅವನ ಪಗಾರ 13,000 ರೂಪಾಯಿ. ತಿಂಗಳಿಗೆ 26 ದಿನ ಹಿಡಿದರೆ ದಿನಕ್ಕೆ 500. ಒಂದೂ ದಿನ ತಪ್ಪಿಸದಿದ್ದರೆ ಮೇಲೆ 1,500 ಪೂರ್ಣ ಹಾಜರಿ ಬೋನಸ್. ಹದಿನಾಲ್ಕು ದಿನ ಮನೆಯಲ್ಲಿ ಕೂತರೆ ವಾರದ ರಜೆ ಬಿಟ್ಟು 12 ದಿನದ 6,000 ಹೋಯಿತು, ಬೋನಸ್ಸೂ ಹೋಯಿತು. 14,500ರಲ್ಲಿ ಉಳಿದದ್ದು 7,000. ಊರಿಗೆ 5,000 ಕಳಿಸಬೇಕು. ಥೇರ್‌ಗಾವ್‌ನಲ್ಲಿ ನಾಲ್ವರು ಹಂಚಿಕೊಂಡ ಖೋಲಿಯ ಬಾಡಿಗೆಯಲ್ಲಿ ಅವನ ಪಾಲು 2,500. ಹೊಟ್ಟೆಗೆ ಏನು ಎಂದು ನಾನು ಕೇಳಲಿಲ್ಲ. ಈ ಲೆಕ್ಕ ಗೊತ್ತಿರುವ ಯಾವ ಹುಡುಗ ತಾನೇ ಮೊದಲ ದಿನವೇ ‘ನನಗೆ ಜ್ವರ’ ಎಂದು ಹೇಳುತ್ತಾನೆ?

ಆ 1,500 ರೂಪಾಯಿ ಬೋನಸ್ಸಿನ ವಿಷಯದಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಆರು ವರ್ಷದ ಹಿಂದೆ, ಬೇರೆ ಕಂಪನಿಯಲ್ಲಿದ್ದಾಗ, ಅಂಗಡಿ ಸರಪಳಿಗಳಿಗಾಗಿ ಹಾಜರಿ ಮತ್ತು ಪಗಾರದ ಸಾಫ್ಟ್‌ವೇರ್ ಮಾಡುವ ತಂಡದಲ್ಲಿದ್ದೆ. ಪೂರ್ಣ ಹಾಜರಿ ಬೋನಸ್ಸಿನ ಭಾಗ ಬರೆದವನು ನಾನೇ. ತಿಂಗಳಲ್ಲಿ ಒಂದು ದಿನ ಗೈರಾದರೂ ಬೋನಸ್ ಸೊನ್ನೆ. ನಾಲ್ಕು ಸಾಲಿನ ಕೋಡ್. ವಾರದ ರಜೆ ಬಂದರೆ ಏನು, ಹಬ್ಬದ ರಜೆ ಬಂದರೆ ಏನು, ಅರ್ಧ ದಿನ ಬಂದರೆ ಏನು, ಬೆರಳಚ್ಚು ಯಂತ್ರ ಕೆಟ್ಟರೆ ಏನು ಎಂದೆಲ್ಲ ನಾವು ಪ್ರಶ್ನೆ ಕೇಳಿದ್ದೆವು, ಟೆಸ್ಟ್ ಬರೆದಿದ್ದೆವು. ಯಂತ್ರ ಕೆಡುವುದು ನೆನಪಾಯಿತು, ಮನುಷ್ಯನ ಆರೋಗ್ಯ ಕೆಡುವುದು ಒಬ್ಬರಿಗೂ ನೆನಪಾಗಲಿಲ್ಲ. ಎಂಟೆಕ್‌ನಲ್ಲಿ ಎರಡು ವರ್ಷ ಸಿಸ್ಟಮ್ ಎಲ್ಲೆಲ್ಲಿ ಎಡವಬಹುದು ಎಂದು ಹುಡುಕುವುದನ್ನೇ ಕಲಿತು ಬಂದವನು ನಾನು.

‘ಅವನಿಗೆ ಇಎಸ್‌ಐ ಇಲ್ಲವೇ?’ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಇದೆ. 21,000 ರೂಪಾಯಿವರೆಗೆ ಪಗಾರ ಇರುವವರಿಗೆ ಅನ್ವಯಿಸುವ ಈ ವಿಮೆಗೆ ಕೆಲಸಗಾರನಿಂದ ಶೇ 0.75, ಮಾಲೀಕನಿಂದ ಶೇ 3.25 ಹೋಗುತ್ತದೆ. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಸರಾಸರಿ ದಿನಗೂಲಿಯ ಶೇ 70 ಸಿಗುತ್ತದೆ. ಓದಲು ಚೆನ್ನಾಗಿದೆ. ಆದರೆ ಕಾಯಿಲೆಯ ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ, ಅದು ಕಾಯುವ ಅವಧಿ. ಹೊಸದಾಗಿ ಸೇರಿದವನಿಗೆ ಚಿಕಿತ್ಸೆ ಮೊದಲ ದಿನದಿಂದ ಉಂಟು, ಕಾಯಿಲೆಯ ಹಣ ಮಾತ್ರ ಒಂಬತ್ತು ತಿಂಗಳು ತುಂಬಿದ ಮೇಲೆ. ಇವನು ಸೇರಿದ್ದು 2020ರ ನವೆಂಬರ್‌ನಲ್ಲಿ, ದೀಪಾವಳಿ ಮುಗಿದ ಮೇಲೆ. ಏಪ್ರಿಲ್‌ನಲ್ಲಿ ಜ್ವರ ಬಂದಾಗ ಆರು ತಿಂಗಳೂ ಆಗಿರಲಿಲ್ಲ. ಪ್ರತಿ ತಿಂಗಳು ನೂರು ರೂಪಾಯಿ ಆಸುಪಾಸು ಕಟ್ ಆಗುತ್ತಲೇ ಇತ್ತು. ಲಾಕ್‌ಡೌನ್‌ನಲ್ಲಿ ಕೆಲಸ ಕಳೆದುಕೊಂಡು, ಊರಿಗೆ ಹೋಗಿ, ಮತ್ತೆ ನಗರಕ್ಕೆ ಬಂದು ಹೊಸ ಕೆಲಸ ಹಿಡಿದವರಲ್ಲಿ ಹಲವರು ಇದೇ ಬಲೆಯಲ್ಲಿ ಸಿಕ್ಕಿದ್ದರು. ಸಾಂಕ್ರಾಮಿಕದಿಂದ ಕೆಲಸ ಹೋಯಿತು, ಹೊಸ ಕೆಲಸ ಎಂಬ ಕಾರಣಕ್ಕೆ ಅದೇ ಸಾಂಕ್ರಾಮಿಕದ ಜ್ವರಕ್ಕೆ ಹಣವಿಲ್ಲ.

ಕೋವಿಡ್‌ನಿಂದ ತೀರಿಕೊಂಡ ವಿಮಾದಾರರ ಕುಟುಂಬಕ್ಕೆ ದಿನಗೂಲಿಯ ಶೇ 90ರಷ್ಟನ್ನು ಪಿಂಚಣಿಯಂತೆ ಕೊಡುವ ಯೋಜನೆಯನ್ನು ಇಎಸ್‌ಐ 2021ರಲ್ಲಿ ತಂದಿತು. ಒಳ್ಳೆಯದೇ. ಆದರೆ ಸತ್ತ ಮೇಲೆ 90, ಬದುಕಿದ್ದು ಮಲಗಿದರೆ ಮೊದಲ ಎರಡು ದಿನ ಸೊನ್ನೆ.

ಇನ್ನು ರಾಜ್ಯದ ಕಾನೂನು. ಮಹಾರಾಷ್ಟ್ರದ 2017ರ ಅಂಗಡಿ ಕಾಯ್ದೆಯಲ್ಲಿ ವರ್ಷಕ್ಕೆ 8 ದಿನ ಸಂಬಳ ಸಹಿತ ಕ್ಯಾಶುವಲ್ ರಜೆ ಇದೆ, ಅದೂ ಮೂರು ತಿಂಗಳಿಗೊಮ್ಮೆ ಕಂತಿನಲ್ಲಿ. ಕಾಯಿಲೆಗೆಂದೇ ಬೇರೆ ರಜೆ ಇಲ್ಲ. ಗಳಿಕೆ ರಜೆಗೆ 240 ದಿನ ಕೆಲಸ ಮಾಡಿರಬೇಕು. ಆಗ ಹತ್ತಕ್ಕಿಂತ ಕಡಿಮೆ ಕೆಲಸಗಾರರಿದ್ದ ಅಂಗಡಿಗಳಿಗೆ ಇದ್ಯಾವುದೂ ಇರಲಿಲ್ಲ. ಇವನ ಕೈಯಲ್ಲಿದ್ದ ರಜೆಗಳು ಯುಗಾದಿಗೆ ಊರಿಗೆ ಹೋಗಿ ಬರುವುದರಲ್ಲೇ ಮುಗಿದಿದ್ದವು. ನಮ್ಮ ಕರ್ನಾಟಕದ 1961ರ ಕಾಯ್ದೆ ಈ ವಿಷಯದಲ್ಲಿ ಮೇಲು. ಗಳಿಕೆ ರಜೆಯ ಹೊರತಾಗಿ, ಕಾಯಿಲೆ, ಅಪಘಾತ ಅಥವಾ ಬೇರೆ ಸಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆಯನ್ನು ಅದು ಕೊಡುತ್ತದೆ.

ಇದನ್ನು ಓದಿ ಹೆಮ್ಮೆಯಿಂದ ಅಪ್ಪನಿಗೆ ಫೋನು ಮಾಡಿದೆ. ಬಾಗಲಕೋಟೆ ಜಿಲ್ಲೆಯ ನಮ್ಮೂರಲ್ಲಿ ಅಪ್ಪನದು ಕಿರಾಣಿ ಅಂಗಡಿ. ಒಬ್ಬರು ಇಪ್ಪತ್ತು ವರ್ಷದಿಂದ ಅಲ್ಲಿ ಕೆಲಸಕ್ಕಿದ್ದಾರೆ, ನಾನು ಕಾಕಾ ಅಂತಲೇ ಕರೆಯುವುದು. ಮೇ ತಿಂಗಳಲ್ಲಿ ಅವರಿಗೂ ಕೆಮ್ಮು ಜ್ವರ ಬಂದಿತ್ತು. ‘ಆಗ ಏನ್ ಮಾಡಿದ್ರಿ?’ ಅಂದೆ. ‘ಮನಿಗೆ ಹೋಗಿ ಮಲ್ಕೋ ಅಂದ್ನಿ. ಅರ್ಧಾ ಪಗಾರ ಕೊಟ್ಟೀನಿ’ ಅಂದರು ಅಪ್ಪ. ಕಾನೂನು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಮುಂಜಾನೆ ಆರಕ್ಕ ತೆರದು ಹತ್ತಕ್ಕ ಮುಚ್ಚೋ ಅಂಗಡ್ಯಾಗ ಪೂರ್ತಿ ಪಗಾರ ಎಲ್ಲಿಂದ ತರ್ಲಿ? ನೀ ಸಾಫ್ಟ್‌ವೇರ್‌ನವ, ನಿನಗ ಹೇಳಾಕ ಸಸಾರ’ ಅಂದರು.

ಅವರ ಮಾತಿನಲ್ಲಿ ಸುಳ್ಳಿಲ್ಲ. ಆ ನಾಲ್ಕು ಗಂಟೆಯಲ್ಲಿ ಇಡೀ ಊರು ಅಂಗಡಿಗೆ ಬಂದು ಕೌಂಟರಿಗೆ ಒರಗಿ ನಿಲ್ಲುತ್ತಿತ್ತು, ಅಪಾಯ ಅಪ್ಪನಿಗೂ ಇತ್ತು, ಕಾಕಾಗೂ ಇತ್ತು. ಆದರೆ ಕಾಯಿಲೆಯಾದಾಗ ಅಪ್ಪ ಕಳೆದುಕೊಳ್ಳುತ್ತಿದ್ದುದು ಲಾಭ, ಕಾಕಾ ಕಳೆದುಕೊಂಡದ್ದು ಅರ್ಧ ತಿಂಗಳ ಅನ್ನ. ಈ ಕಾನೂನು ಅರವತ್ತು ವರ್ಷದಿಂದ ಪುಸ್ತಕದಲ್ಲಿದೆ. ಅಪ್ಪನಿಗೆ ಗೊತ್ತಿರಲಿಲ್ಲ, ಕಾಕಾಗೆ ಗೊತ್ತಿರಲಿಲ್ಲ. ಅದೇ ಅಂಗಡಿಯ ದುಡ್ಡಿನಲ್ಲಿ ಓದಿದ ನನಗೂ ಗೊತ್ತಿರಲಿಲ್ಲ.

ಸರ್ಕಾರಗಳು ಈ ಜನರನ್ನು ನಡೆಸಿಕೊಂಡ ರೀತಿ ನೋಡಿ. ಕಿರಾಣಿ ‘ಅಗತ್ಯ ಸೇವೆ’, ಆದ್ದರಿಂದ ತೆರೆದಿರಬೇಕಿತ್ತು. ಆದರೆ 2021ರ ಜನವರಿ 16ರಂದು ಲಸಿಕೆ ಶುರುವಾದಾಗ ಆರೋಗ್ಯ ಸಿಬ್ಬಂದಿ, ಆಮೇಲೆ ಪೊಲೀಸರು, ಪಾಲಿಕೆಯವರು ಬಂದರು. ಅದು ಸರಿಯೇ. ಅಂಗಡಿಯವರು ಮುಂಚೂಣಿಯ ಪಟ್ಟಿಯಲ್ಲಿ ಇರಲಿಲ್ಲ. ಏಪ್ರಿಲ್‌ನಲ್ಲಿ ಲಸಿಕೆ 45 ದಾಟಿದವರಿಗೆ ಮಾತ್ರ. ಅದೇ ಏಪ್ರಿಲ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಮನೆಗೆ ಸಾಮಾನು ತಲುಪಿಸುವ ಹುಡುಗರಿಗೆ ಹೇಳಿದ್ದು: ಲಸಿಕೆ ಹಾಕಿಸಿಕೊಳ್ಳಿ, ಇಲ್ಲವೇ 15 ದಿನದೊಳಗಿನ ನೆಗೆಟಿವ್ ರಿಪೋರ್ಟ್ ಜೇಬಿನಲ್ಲಿರಲಿ, ತಪ್ಪಿದರೆ 1,000 ರೂಪಾಯಿ ದಂಡ. ಇಪ್ಪತ್ತೈದರ ಹುಡುಗನಿಗೆ ಲಸಿಕೆ ಕೊಡುವವರಿರಲಿಲ್ಲ. ಖಾಸಗಿ ಲ್ಯಾಬಿನಲ್ಲಿ ಆರ್‌ಟಿಪಿಸಿಆರ್‌ಗೆ ಸರ್ಕಾರವೇ ಇಳಿಸಿದ್ದ ದರ ಆಗ 500 ರೂಪಾಯಿ, ಸರಿಯಾಗಿ ಅವನ ಒಂದು ದಿನದ ಕೂಲಿ. ರಿಪೋರ್ಟ್ ಪಾಸಿಟಿವ್ ಬಂದರೆ ಪಗಾರ ಯಾರು ಕೊಡಬೇಕು ಎಂಬ ಪ್ರಶ್ನೆ ಯಾರಿಗೂ ಏಳಲಿಲ್ಲ. ಅದಕ್ಕೂ ಹಿಂದಿನ ವರ್ಷ ಅಹಮದಾಬಾದಿನಲ್ಲಿ ತರಕಾರಿ, ಕಿರಾಣಿಯವರಿಗೆ ‘ಸೂಪರ್ ಸ್ಪ್ರೆಡರ್’ ಎಂಬ ಹೆಸರನ್ನೇ ಇಟ್ಟರು. ಸೋಂಕು ಅವರಿಗೂ ಯಾರೋ ಗಿರಾಕಿಯಿಂದ ಬಂದದ್ದು ತಾನೇ?

ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ದಿನಸಿ ಅಂಗಡಿಯಲ್ಲಿ 2020ರ ಮೇನಲ್ಲಿ 104 ಕೆಲಸಗಾರರನ್ನು ಪರೀಕ್ಷಿಸಿದರು. 21 ಮಂದಿಗೆ ಸೋಂಕು. ಗಿರಾಕಿಗಳ ಎದುರು ನಿಲ್ಲುವವರಲ್ಲಿ ಸೋಂಕಿನ ಸಾಧ್ಯತೆ ಉಳಿದವರಿಗಿಂತ ಐದು ಪಟ್ಟು. ಬಹುಪಾಲು ಜನರಿಗೆ ಲಕ್ಷಣವೇ ಇರಲಿಲ್ಲ. ಲಕ್ಷಣ ಇಲ್ಲದವರನ್ನು ಗುರುತಿಸುವುದು ಕಷ್ಟ, ಒಪ್ಪೋಣ. ಜ್ವರ ಬಂದು ನಡುಗುತ್ತಿರುವವನು ಕೌಂಟರಿಗೆ ಬರದಂತೆ ಮಾಡುವುದು ಕಷ್ಟವಲ್ಲ, ಅವನ ಆ ದಿನದ 500 ರೂಪಾಯಿ ಅವನಿಗೆ ಸಿಕ್ಕರೆ ಸಾಕು. ಬ್ರಿಟನ್‌ನಲ್ಲೂ ಕಾಯಿಲೆ ಭತ್ಯೆಗೆ ಮೂರು ದಿನ ಕಾಯುವ ನಿಯಮವಿತ್ತು. ಕೋವಿಡ್ ಬಂದ ಕೂಡಲೇ, 2020ರ ಮಾರ್ಚ್‌ನಲ್ಲೇ, ಅದನ್ನು ಕೋವಿಡ್ ಮಟ್ಟಿಗೆ ತೆಗೆದುಹಾಕಿ ಮೊದಲ ದಿನದಿಂದಲೇ ಕೊಟ್ಟರು. ಅಮೆರಿಕ ಎರಡು ವಾರ ಸಂಬಳ ಸಹಿತ ರಜೆಯ ಕಾನೂನು ಮಾಡಿತು, ಆದರೆ 500ಕ್ಕಿಂತ ಹೆಚ್ಚು ಕೆಲಸಗಾರರಿರುವ ಖಾಸಗಿ ಕಂಪನಿಗಳನ್ನು ಹೊರಗಿಟ್ಟಿತು, ಅಂದರೆ ದೊಡ್ಡ ದೊಡ್ಡ ಅಂಗಡಿ ಸರಪಳಿಗಳನ್ನೇ. ನಾವು ಬ್ರಿಟನ್ನಿನ ಆ ಒಂದು ಹೆಜ್ಜೆಯನ್ನಾದರೂ ಇಡಬಹುದಿತ್ತು. ಇಎಸ್‌ಐನ ಎರಡು ದಿನದ ಕಾಯುವಿಕೆ, ಒಂಬತ್ತು ತಿಂಗಳ ಕಾಯುವಿಕೆ ಎರಡನ್ನೂ ಸಾಂಕ್ರಾಮಿಕ ಇರುವವರೆಗೆ ಕೈಬಿಡಬೇಕಿತ್ತು. ಅಪ್ಪನಂಥ ಸಣ್ಣ ಅಂಗಡಿಯವರನ್ನೂ ಈ ವಿಮೆಯೊಳಗೆ ತರಬೇಕು, ಮಾಲೀಕನ ಪಾಲಿನಲ್ಲಿ ಒಂದಿಷ್ಟನ್ನು ಸರ್ಕಾರ ಹೊರಬೇಕು. ಒಬ್ಬನೇ ಕಿರಾಣಿಯವನ ತಲೆಗೆ ಎಲ್ಲವನ್ನೂ ಕಟ್ಟಿದರೆ ಕಾನೂನು ಮತ್ತೆ ಪುಸ್ತಕದಲ್ಲೇ ಉಳಿಯುತ್ತದೆ.

‘ಹಾಗೆ ಕೊಟ್ಟರೆ ಎಲ್ಲರೂ ಸುಳ್ಳು ಜ್ವರ ಹೇಳಿ ಮನೆಯಲ್ಲಿ ಕೂರುತ್ತಾರೆ’ ಎಂದು ನನ್ನ ಗೆಳೆಯನೊಬ್ಬ ವಾದಿಸಿದ. ನಮ್ಮ ಆಫೀಸಿನಲ್ಲಿ ಎರಡು ದಿನದವರೆಗೆ ಸರ್ಟಿಫಿಕೇಟ್ ಕೇಳುವುದಿಲ್ಲ. ಭಾರತ-ಪಾಕಿಸ್ತಾನ ಪಂದ್ಯದ ದಿನ ನಮ್ಮ ಮಹಡಿಯಲ್ಲಿ ಎಷ್ಟು ಜನರಿಗೆ ಹೊಟ್ಟೆ ಕೆಡುತ್ತದೆ ಎಂಬುದು ಅವನಿಗೂ ಗೊತ್ತು, ಅವನ ಹೊಟ್ಟೆಯೂ ಕೆಟ್ಟಿದ್ದುಂಟು. ಕಂಪನಿ ಮುಳುಗಿಲ್ಲ. ನಮ್ಮ ಸುಳ್ಳನ್ನು ನಂಬುವ ವ್ಯವಸ್ಥೆ ಅವನ ನಿಜವಾದ ಜ್ವರಕ್ಕೆ ಮಾತ್ರ ಪುರಾವೆ ಕೇಳುತ್ತದೆ.

ಪುಣೆ, ಹೈದರಾಬಾದ್, ಚೆನ್ನೈನಲ್ಲಿ ಕೂತು ಇಂಥ ಹಾಜರಿ, ಪಗಾರದ ಸಾಫ್ಟ್‌ವೇರ್ ಬರೆಯುತ್ತಿರುವ ನಮ್ಮವರು ಕಡಿಮೆಯೇನಿಲ್ಲ. ಗ್ರಾಹಕ ಕಂಪನಿಯ ಜೊತೆಗಿನ ಮುಂದಿನ ಮೀಟಿಂಗ್‌ನಲ್ಲಿ ಬೋನಸ್ ನಿಯಮ ಬಂದಾಗ ‘ಕಾಯಿಲೆಯ ದಿನವನ್ನೂ ಗೈರು ಎಂದೇ ಎಣಿಸಬೇಕೆ?’ ಎಂದು ಒಂದು ಸಲ ಕೇಳಿ ನೋಡಿ. ಹೌದು ಅಂದರೆ ಅದನ್ನು ಅವರೇ ಬರವಣಿಗೆಯಲ್ಲಿ ಕೊಡಲಿ. ನಾನು ಹಳೆಯ ಕಂಪನಿಯ ಸಹೋದ್ಯೋಗಿಗೆ ಮೇಲ್ ಹಾಕಿದ್ದೇನೆ, ಆ ನಾಲ್ಕು ಸಾಲು ಈಗಲೂ ಇವೆಯೇ ಎಂದು. ಉತ್ತರ ಬಂದಿಲ್ಲ.

ಕೌಂಟರಿನ ಹುಡುಗನಿಗೆ ಇಎಸ್‌ಐ ಲೆಕ್ಕ ವಿವರಿಸಿದೆ. ಆಗಸ್ಟ್ ಮಧ್ಯಕ್ಕೆ ಒಂಬತ್ತು ತಿಂಗಳು ತುಂಬುತ್ತದೆ ಅಂದೆ. ‘ಅಲ್ಲೀಮಟಾ ಮೂರನೇ ಅಲೆ ಬರಬಾರದು ನೋಡ್ರಿ’ ಎಂದು ನಕ್ಕು, ಹಿಂದಿನವರ ಟ್ರಾಲಿಯ ಸಾಮಾನು ಸ್ಕ್ಯಾನ್ ಮಾಡತೊಡಗಿದ.

ಅಪ್ಪ ಮೊನ್ನೆ ತಾವಾಗಿಯೇ ಫೋನು ಮಾಡಿದ್ದರು. ಕಾಕಾನ ಉಳಿದ ಅರ್ಧ ಪಗಾರವನ್ನು ದೀಪಾವಳಿಗೆ ಕೊಡುತ್ತಾರಂತೆ. ಈ ತಿಂಗಳೇ ಕೊಡಿ, ಬೇಕಿದ್ದರೆ ನಾನು ಕಳಿಸುತ್ತೇನೆ ಅಂದೆ. ‘ನಿನ್ನ ರೊಕ್ಕಾ ಬ್ಯಾಡ, ಅಂಗಡೀ ರೊಕ್ಕಾನ ಕೊಡ್ತೀನಿ’ ಅಂದಿದ್ದಾರೆ. ಯಾವಾಗ ಎಂದು ಇನ್ನೂ ಹೇಳಿಲ್ಲ.