ಸಂಕ್ರಾಂತಿಗೆ ಗುದ್ದಲಿ, ಯುಗಾದಿಗೆ ಬೇಲಿ

ನಮ್ಮ ಕಡೆ ಈಗ ಒಂದು ಹೊಸ ಆಸೆ ಹುಟ್ಟೈತೆ. ದೇವನಹಳ್ಳಿ ದಾಟಿ ನಂದಿ ಬೆಟ್ಟದ ಕಡೆ ಹೋಗಿ ನೋಡಿ, ರೆಸಾರ್ಟು, ಫಾರ್ಮ್ ಹೌಸು, ಒಳಗೊಂದು ನೀಲಿ ನೀರಿನ ಈಜುಕೊಳ. ಅಲ್ಲಿಗೆ ಹೋಗಿ ಬಂದ ಮೊಮ್ಮಕ್ಕಳು "ಅಜ್ಜಿ, ನಮ್ಮ ಹಿತ್ತಲಲ್ಲೂ ಒಂದು ಮಾಡ್ಸು" ಅಂತ ಹಿಡ್ಕೊತಾರೆ. ಜಾಗ ಇರೋರು, ಕೈಲಿ ನಾಲ್ಕು ಕಾಸು ಇರೋರು ಯೋಚ್ನೆ ಮಾಡೋಕೆ ಶುರು ಮಾಡ್ತಾರೆ.

ಮಾಡಿಸಬೇಡಿ ಅಂತ ನಾನು ಹೇಳಲ್ಲ. ನಾವೆಲ್ಲ ಚಿಕ್ಕೋರಿದ್ದಾಗ ತೋಟದ ಪಂಪ್‌ಸೆಟ್ ತೊಟ್ಟಿನೇ ನಮ್ಮ ಈಜುಕೊಳ ಆಗಿತ್ತಲ್ವಾ? ನಾವು ಬಿದ್ದು ಒದ್ದಾಡಿದ ನೀರೇ ಆಮೇಲೆ ಹಿಪ್ಪುನೇರಳೆಗೆ, ದ್ರಾಕ್ಷಿಗೆ ಹೋಗ್ತಿತ್ತು. ನಾನು ಹೇಳೋದು ಕಾಲದ ಮಾತು. ಸಂಕ್ರಾಂತಿ ಕಳೆದ ಮೇಲೆ ಗುದ್ದಲಿ ಹಾಕಿ, ಯುಗಾದಿ ಒಳಗೆ ಸುತ್ತ ಬೇಲಿ ಸಮೇತ ಮುಗಿಸಿ. ಅಷ್ಟರೊಳಗೆ ಮುಗಿಯಲ್ಲ ಅನ್ನೋ ಹಂಗಿದ್ರೆ ಆ ವರ್ಷ ಮುಟ್ಟಲೇಬೇಡಿ. ಅರ್ಧ ತೋಡಿದ ಗುಂಡಿ ಮಳೆ ಕಾಣಬಾರದು.

ಆದ್ರೆ ನಮ್ಮೋರು ಶುರು ಮಾಡೋದು ಯಾವಾಗ? ಏಪ್ರಿಲ್ ತಿಂಗಳಲ್ಲಿ ಸೆಕೆ ತಲೆಗೇರಿದ ಮೇಲೆ. ಸ್ಕೂಲಿಗೆ ರಜಾ ಕೊಟ್ಟಿರ್ತಾರೆ, ಮಕ್ಕಳು ಮನೇಲೇ ಇರ್ತಾರೆ, ಜೆಸಿಬಿ ಬಂದು ಒಂದೇ ದಿನಕ್ಕೆ ಗುಂಡಿ ತೋಡಿ ಹೋಗುತ್ತೆ. ಆಮೇಲೆ ಕಂಬಿ ಕಟ್ಟೋನು ಬಂದ್ರೆ ಸೆಂಟ್ರಿಂಗ್‌ನವನು ಬರಲ್ಲ, ಅವನು ಬಂದ್ರೆ ಸಿಮೆಂಟ್ ಬಂದಿರಲ್ಲ. ಅಷ್ಟರಲ್ಲಿ ಭರಣಿ ಮಳೆ, ಕೃತ್ತಿಕೆ ಮಳೆ ಸುರಿಯುತ್ತೆ. ಹೊಲಕ್ಕೆ ಅದು ಬಂಗಾರ, ಆದ್ರೆ ನಿಮ್ಮ ಗುಂಡಿಗೆ ಕೇಡು. ನಮ್ಮ ಕೆಂಪು ಮಣ್ಣು ಒಣಗಿದ್ದಾಗ ಗೋಡೆ ಹಂಗೆ ನಿಲ್ಲುತ್ತೆ, ನೆಂದ್ರೆ ಕುಸಿಯುತ್ತೆ. ತೋಡಿದ್ದನ್ನೇ ಮತ್ತೆ ತೋಡಬೇಕು, ಕಂಬಿ ತುಕ್ಕು ಹಿಡಿಯುತ್ತೆ. ಅದಕ್ಕಿಂತ ಹೆಚ್ಚಾಗಿ, ಬೇಲಿ ಇಲ್ಲ, ಮೆಟ್ಟಿಲಿಲ್ಲ, ಕೆಸರು ನೀರು ತುಂಬಿದ ಎಂಟಡಿ ಗುಂಡಿ, ಪಕ್ಕದಲ್ಲಿ ರಜಾ ಮಕ್ಕಳು. ಇದನ್ನ ಬರೆಯೋವಾಗ್ಲೇ ನನ್ನ ಕೈ ನಡುಗುತ್ತೆ.

ಮಳೆಗಾಲದಲ್ಲಿ ಮಾಡಿಸೋಣ ಅಂತ ಹೇಳೋರೂ ಅವ್ರೆ. "ಈಗ ಕೆಲಸ ಕಮ್ಮಿ, ರೇಟು ಕಮ್ಮಿ ಮಾಡ್ಕೊಡ್ತೀವಿ ಅಮ್ಮ" ಅಂತ ಕಂಟ್ರಾಕ್ಟರು ಸಕ್ಕರೆ ಮಾತಾಡ್ತಾನೆ. ನಮ್ಮ ಜಿಲ್ಲೆಯ ಮಳೆ ಲೆಕ್ಕ ಗೊತ್ತಿರೋರು ಅದಕ್ಕೆ ಬೀಳಬಾರದು. ನಮಗೆ ಮೇ ತಿಂಗಳಲ್ಲಿ ಒಂದು ಜೋರು, ಆಮೇಲೆ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇನ್ನೊಂದು ಜೋರು. ಗೌರಿ ಹಬ್ಬದಿಂದ ದೀಪಾವಳಿ ತನಕ ಗುಂಡಿ ತೋಡೋದು ಅಂದ್ರೆ ದುಡ್ಡನ್ನ ಕೆಸರಿಗೆ ಸುರಿದಂಗೆ.

ದೀಪಾವಳಿ ಆದ ತಕ್ಷಣ ಆಗಲ್ವಾ ಅಂತೀರ. ಅದೂ ನಂಬೋ ಹಂಗಿಲ್ಲ. 2021ರ ನವೆಂಬರ್ ನೆನಪಿಸ್ಕೊಳ್ಳಿ. ಕೊಯ್ಲಿಗೆ ಬಂದಿದ್ದ ರಾಗಿ ತೆನೆ ಹೊಲದಲ್ಲೇ ಮೊಳಕೆ ಬಂತು. 2024ರಲ್ಲಿ ಡಿಸೆಂಬರ್ ಶುರುವಿನಲ್ಲೇ ಫೆಂಗಲ್ ಚಂಡಮಾರುತ ಬಂದು ಜಿಟಿಜಿಟಿ ಹಿಡೀತು. ಜೊತೆಗೆ ಆ ಹೊತ್ತಲ್ಲಿ ರಾಗಿ ಕೊಯ್ಲು, ಒಕ್ಕಣೆ ಅಂತ ಕೂಲಿಯೋರು ಸಿಗಲ್ಲ. ಆಮೇಲೆ ಧನುರ್ಮಾಸ ಬಂತು, ಹೊಸ ಕೆಲಸಕ್ಕೆ ಪೂಜೆ ಮಾಡಲ್ಲ. ಹಿರಿಯರು ಶೂನ್ಯಮಾಸ ಅಂತ ಇಟ್ಟಿದ್ದಕ್ಕೆ ಕಾರಣ ಏನೋ, ಆದ್ರೆ ನಮಗೆ ಅದರಿಂದ ಒಂದು ಉಪಕಾರ ಐತೆ. ಆ ತಿಂಗಳು ಕೂತ್ಕೊಂಡು ಲೆಕ್ಕ ಹಾಕಬಹುದು. ಎಷ್ಟು ಉದ್ದ, ಎಷ್ಟು ಆಳ, ಎಷ್ಟು ದುಡ್ಡು, ಯಾವ ಮೇಸ್ತ್ರಿ, ಎಲ್ಲಾ ಕಾಗದದ ಮೇಲೆ ಬರೆಸ್ಕೊಳ್ಳಿ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆ ಮುಗಿದು ಎಳ್ಳು ಬೆಲ್ಲ ಬೀರಿದ ಮಾರನೇ ವಾರ ಗುದ್ದಲಿ ಪೂಜೆ ಮಾಡಿ. ಜನವರಿ, ಫೆಬ್ರವರಿ ನಮ್ಮ ಕಡೆ ಮಳೆ ಇಲ್ಲದ ತಿಂಗಳು. ನೆಲ ಇನ್ನೂ ಕಲ್ಲಾಗಿರಲ್ಲ, ಕೂಲಿಯೋರು ಬಿಡುವಾಗಿರ್ತಾರೆ.

ಇನ್ನೊಂದು ಕಾರಣ ಐತೆ, ಇದನ್ನ ಗಂಡಸರು ಹೇಳಲ್ಲ. ಕಾಂಕ್ರೀಟ್ ಹಾಕಿ ಮೇಸ್ತ್ರಿ "ಏಳೆಂಟು ದಿನ ನೀರು ಬಿಡಿ ಅಮ್ಮ" ಅಂತ ಹೇಳಿ ಹೊರಟ್ಹೋಗ್ತಾನೆ. ಆ ನೀರು ಬಿಡೋರು ಯಾರು? ಬೆಳಿಗ್ಗೆ ಕಸ ಮುಸುರೆ ಮುಗಿಸಿ ಪೈಪ್ ಹಿಡಿಯೋರು ನಾವೇ, ಮಧ್ಯಾಹ್ನ ಉರಿ ಬಿಸಿಲಲ್ಲಿ ಗೋಡೆಗೆ ಹೊಯ್ಯೋರು ನಾವೇ. ಮೋಟ್ರಿಗೆ ಕರೆಂಟು ರಾತ್ರಿ ಕೊಟ್ರೆ ರಾತ್ರಿ ಏಳೋರೂ ನಾವೇ. ಏಪ್ರಿಲಲ್ಲಿ ಹೊಯ್ದ ನೀರು ಹೊಯ್ದಂಗೇ ಆವಿಯಾಗುತ್ತೆ. ಗಾರೆ ಒಣಗಿ ಕೂದಲೆಳೆ ಬಿರುಕು ಬಿಡುತ್ತೆ, ಆಮೇಲೆ ಸೋರುತ್ತೆ. ಜನವರಿ ಚಳಿಯಲ್ಲಿ ಗೋಣಿಚೀಲ ನೆನೆಸಿ ಗೋಡೆಗೆ ಹೊದಿಸಿದ್ರೆ ತುಂಬಾ ಹೊತ್ತು ತೇವ ಇರುತ್ತೆ. ನೀರೂ ಉಳಿಯುತ್ತೆ, ನಮ್ಮ ಸೊಂಟವೂ ಉಳಿಯುತ್ತೆ. ಕೆಲಸದೋರಿಗೆ ಕಾಫಿ ತಿಂಡಿ ಮಾಡೋದೂ ಆ ಕಾಲದಲ್ಲಿ ಸಲೀಸು. ಅವರೆಕಾಯಿ ಸೊಗಡು ಇರೋ ಕಾಲ, ಒಂದು ಸಾರು ಮುದ್ದೆ ಮಾಡಿದ್ರೆ ಸಾಕು.

ಇನ್ನು ನೀರಿನ ಮಾತು. ಇಪ್ಪತ್ತಡಿ ಉದ್ದ, ಹತ್ತಡಿ ಅಗಲ, ನಾಲ್ಕಡಿ ಆಳದ ಸಣ್ಣ ಕೊಳಕ್ಕೇ 22,000 ಲೀಟರಿಗೂ ಜಾಸ್ತಿ ನೀರು ಬೇಕು. 6,000 ಲೀಟರಿನ ಟ್ಯಾಂಕರು ನಾಲ್ಕು ಸಲ ಬರಬೇಕು. ನಮ್ಮ ಕಡೆ ಬೋರು ಸಾವಿರ ಅಡಿ ದಾಟಿ ಹೋಗಿರೋದು ನಿಮಗೆ ಗೊತ್ತೇ ಐತೆ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಣೆ ಮಾಡ್ತು. ಮುಂದಿನ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಕ್ಕೆ ಕುಡಿಯೋ ನೀರು ಬಿಟ್ರೆ 5,000 ರೂಪಾಯಿ ದಂಡ ಅಂತ ಹೇಳ್ತು. ನಮ್ಮ ಹಳ್ಳಿಗೆ ಆ ಆದೇಶ ಬರದೇ ಇರಬಹುದು, ಆದ್ರೆ ಪಕ್ಕದ ಮನೆಯವರು ಬಿಂದಿಗೆ ಹಿಡ್ಕೊಂಡು ನಲ್ಲಿ ಮುಂದೆ ನಿಂತಿರೋವಾಗ ನಮ್ಮ ಹಿತ್ತಲಿಗೆ ಟ್ಯಾಂಕರು ಬಂದು ನಿಂತ್ರೆ ಏನು ಚೆನ್ನಾಗಿರುತ್ತೆ ಹೇಳಿ?

ಅದಕ್ಕೇ ಕೊಳ ಕಟ್ಟೋ ಮೊದಲು ತಾರಸಿ ನೀರು ಅಲ್ಲಿಗೆ ಬರೋ ಹಂಗೆ ಪೈಪು ಹಾಕಿಸಿ. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಸಾವಿರ ಚದರಡಿ ತಾರಸಿ ಮೇಲೆ ಅಷ್ಟು ಬಿದ್ರೆ 74,000 ಲೀಟರು. ಹೋಗಿದ್ದು ಬಂದಿದ್ದು ಕಳೆದ್ರೂ 55-60 ಸಾವಿರ ಲೀಟರು ಸಿಗುತ್ತೆ. ಸೋರುತ್ತಾ ಇಲ್ವಾ ಅಂತ ನೋಡೋಕೆ ಒಂದು ಸಲ ತುಂಬಿಸಲೇಬೇಕು. ಅದನ್ನ ಶಿವರಾತ್ರಿ ಹೊತ್ತಿಗೆ, ನೀರು ತೀರಾ ಬಿಗಿಯಾಗೋ ಮುಂಚೆ, ಎರಡು ಮೂರು ರಾತ್ರಿಯಲ್ಲಿ ನಿಧಾನಕ್ಕೆ ತುಂಬಿಸಿ. ಒಂದು ಬಕೆಟ್ಟಿಗೂ ನೀರು ತುಂಬಿ ಕೊಳದ ಮೆಟ್ಟಿಲ ಮೇಲೆ ಇಡಿ. ಎರಡಕ್ಕೂ ಗೆರೆ ಎಳೆದು ಒಂದು ವಾರ ಬಿಡಿ. ಬಿಸಿಲಿಗೆ ಬಕೆಟ್ಟಿನಲ್ಲೂ ನೀರು ಇಳಿಯುತ್ತೆ. ಎರಡೂ ಒಂದೇ ಅಷ್ಟು ಇಳಿದಿದ್ರೆ ಸರಿ. ಕೊಳದ್ದು ಜಾಸ್ತಿ ಇಳಿದಿದ್ರೆ ಎಲ್ಲೋ ಸೋರ್ತಾ ಐತೆ, ಮೇಸ್ತ್ರಿಗೆ ಕೊನೇ ಕಂತು ಕೊಡಬೇಡಿ.

ಆ ನೀರನ್ನ ಮೋರಿಗೆ ಬಿಡಬೇಡಿ. ಬೇಸಿಗೆಯಲ್ಲಿ ಬರೀ ತೊಟ್ಟಿ ಬಿಸಿಲಿಗೆ ಕಾದ್ರೂ ಬಿರುಕು ಬಿಡುತ್ತೆ. ದಿನಕ್ಕೆ ಅರ್ಧ ಸೆಂಟಿಮೀಟರ್ ಆವಿಯಾದ್ರೆ ಇಷ್ಟು ಕೊಳದಲ್ಲಿ ಸುಮಾರು ಆರು ಬಿಂದಿಗೆ ನೀರು ಹೋಗುತ್ತೆ. ಮೇಲೊಂದು ತಾಡಪಾಲು ಎಳೆದ್ರೆ ಅದೂ ಉಳಿಯುತ್ತೆ, ಸೊಳ್ಳೆನೂ ಮೊಟ್ಟೆ ಇಡಲ್ಲ. ಅಶ್ವಿನಿ ಭರಣಿ ಮಳೆ ಶುರುವಾದ ಮೇಲೆ ಮೊದಲ ಮಳೆಯ ಧೂಳು ನೀರು ಆಚೆ ಬಿಟ್ಟು, ಆಮೇಲಿನದ್ದನ್ನ ಜಾಲರಿ ಹಾಕಿ ಒಳಗೆ ಬಿಡಿ. ಹೋದಷ್ಟು ನೀರನ್ನ ಮಳೆಯೇ ತುಂಬಿಕೊಡುತ್ತೆ. ಏಪ್ರಿಲಲ್ಲಿ ಗುಂಡಿ ತೋಡೋ ಮನೆಗೆ ಈ ಲಾಭ ಇಲ್ಲ, ಆ ವರ್ಷದ ಮಳೆಯೆಲ್ಲಾ ಅದಕ್ಕೆ ಶತ್ರು.

ಕೊನೆಗೆ ಬೇಲಿ. ಬೇಲಿ ಆಗದೆ ಕೊಳಕ್ಕೆ ಹನಿ ನೀರೂ ಬಿಡಬೇಡಿ, ಸೋರುತ್ತಾ ಅಂತ ನೋಡೋಕೂ ಬೇಡ. ಸರ್ಕಾರದ ಕೃಷಿ ಭಾಗ್ಯದಲ್ಲಿ ಹೊಂಡದ ಜೊತೆಗೆ ತಂತಿ ಬೇಲಿನೂ ಸೇರಿಸಿರೋದು ಸುಮ್ಮನೆ ಅಲ್ಲ. ನಾಲ್ಕಡಿಗೆ ಕಮ್ಮಿ ಇಲ್ಲದ ಬೇಲಿ, ಮಕ್ಕಳ ಕೈಗೆ ಎಟುಕದ ಚಿಲಕ ಇರಲಿ. ಹೊಲದಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಇರೋರು ಇವತ್ತೇ ನಾಲ್ಕು ಮೂಲೆಗೂ ಗಂಟು ಹಾಕಿದ ಹಗ್ಗ ಇಳಿಬಿಡಿ. ಆ ಹಾಳೆ ಮೇಲೆ ಜಾರಿದೋರು, ಈಜು ಬಂದ್ರೂ ಹತ್ತಿ ಬರೋಕಾಗಲ್ಲ.

ಹುಣಸೇಹಣ್ಣು, ಮೆಣಸಿನಕಾಯಿ ಒಣಗಿಸೋಕೆ ಯಾವ ಬಿಸಿಲು ಅಂತ ನಾವು ಯಾರನ್ನೂ ಕೇಳಲ್ಲ, ಸಂಡಿಗೆ ಇಡೋ ದಿನ ಮೋಡ ನೋಡ್ತೀವಿ. ಲಕ್ಷಗಟ್ಟಲೆ ಸುರಿಯೋ ಕೆಲಸಕ್ಕೆ ಮಾತ್ರ ಗಂಡಸರು, ಕಂಟ್ರಾಕ್ಟರು ಹೇಳಿದ ದಿನ ತಲೆ ಆಡಿಸ್ತೀವಿ. ಇನ್ನು ಮೇಲೆ ಮನೇಲಿ ಈ ಮಾತು ಬಂದ್ರೆ ಕ್ಯಾಲೆಂಡರ್ ನೀವೇ ಕೈಗೆ ತಗೊಳ್ಳಿ. ಗುದ್ದಲಿ ಯಾವಾಗ ಅಂತ ಕೇಳೋ ಮೊದಲು ಬೇಲಿ ಯಾವಾಗ ಮುಗಿಯುತ್ತೆ ಅಂತ ಕೇಳಿ. ಅದಕ್ಕೆ ತಾರೀಖು ಹೇಳೋಕೆ ಆಗದೆ ಇರೋನಿಗೆ ಅಡ್ವಾನ್ಸ್ ಕೊಡಬೇಡಿ.